ಬಾಗಿಲಿಗೆ ಬಂದ ವಾರಂಟು

‘ದಾಳಿ’ ಎಂಬ ಮಾತು ಪತ್ರಿಕೆಗಳಿಗೆ ಬಹಳ ಪ್ರಿಯ. ‘ಕಂಪನಿಯ ಮೇಲೆ ದಾಳಿ’, ‘ಹತ್ತು ಕಡೆ ಏಕಕಾಲಕ್ಕೆ ದಾಳಿ’ ಎಂಬ ದಪ್ಪಕ್ಷರದ ಶೀರ್ಷಿಕೆ ಓದಿದವರ ಕಣ್ಣ ಮುಂದೆ ಕೋಟೆಗೆ ಮುತ್ತಿಗೆ ಹಾಕಿದ ಸೈನ್ಯವೇ ಬಂದು ನಿಲ್ಲುತ್ತದೆ. ಕಾನೂನಿನ ಭಾಷೆ ಇಷ್ಟು ಬಿಸಿಯಾಗಿಲ್ಲ. ಅದು ಬಳಸುವ ಶಬ್ದಗಳು ಎರಡು: ಶೋಧ ಮತ್ತು ಜಪ್ತಿ. ಕೇಳಿದರೂ ಕೊಡದದ್ದನ್ನು ಅಥವಾ ಬಚ್ಚಿಟ್ಟಿರಬಹುದಾದದ್ದನ್ನು ಹುಡುಕುವುದು ಶೋಧ. ಸಿಕ್ಕಿದ್ದನ್ನು ಪಟ್ಟಿ ಮಾಡಿ ವಶಕ್ಕೆ ತೆಗೆದುಕೊಳ್ಳುವುದು ಜಪ್ತಿ. ಇವೆರಡರಲ್ಲಿ ಯಾವುದೂ ತೀರ್ಪಲ್ಲ. ತೀರ್ಪು ಬರುವುದು ಆಮೇಲೆ, ಬೇರೆ ಜಾಗದಲ್ಲಿ, ಎರಡೂ ಕಡೆಯ ಮಾತು ಕೇಳಿದ ಮೇಲೆ.

ಕಡೂರು ತಾಲೂಕಿನ ಯಗಟಿಯಂಥ ಊರಿನಲ್ಲಿ ಕುಳಿತು ಓದುವ ವಿದ್ಯಾರ್ಥಿಗೆ ‘ಕಂಪನಿ, ವಾರಂಟು, ಜಪ್ತಿ ಇವೆಲ್ಲ ಬೆಂಗಳೂರಿನವರ ಪಾಡು, ತೆಂಗಿನ ತೋಟದವರಿಗೆ ಏನು ಸಂಬಂಧ?’ ಅನ್ನಿಸಬಹುದು. ಸಂಬಂಧ ಎರಡು ಬಗೆಯದು. ಒಂದು, ಈ ಸೀಮೆಯ ಹುಡುಗ ಹುಡುಗಿಯರು ಬಿ.ಕಾಂ., ಬಿ.ಬಿ.ಎಂ., ಡಿಪ್ಲೊಮಾ ಮುಗಿಸಿ ಹೋಗುವುದು ಕಂಪನಿಗಳಿಗೇ. ಮೊದಲ ವರ್ಷ ಅವರಿಗೆ ಸಿಗುವುದು ಲೆಕ್ಕದ ವಿಭಾಗದ ಕೊನೆಯ ಕುರ್ಚಿ ಅಥವಾ ಬಾಗಿಲ ಬಳಿಯ ಮೇಜು. ಅಧಿಕಾರಿಗಳು ಬಂದಾಗ ಮೊದಲು ಎದ್ದು ನಿಲ್ಲುವವರೂ ಅವರೇ. ಇನ್ನೊಂದು, ಕೊಬ್ಬರಿ, ಅಡಿಕೆ, ಗೊಬ್ಬರ, ಸಿಮೆಂಟು ಮಾರುವ ಸಣ್ಣ ಸಂಸ್ಥೆಗಳೂ ಇಂದು ನೋಂದಾಯಿತ ವ್ಯವಹಾರಗಳು. ಕಾನೂನು ಅವುಗಳ ಬಾಗಿಲನ್ನೂ ತಟ್ಟಬಲ್ಲದು.

ಚಿಕ್ಕಮಗಳೂರು ಜಿಲ್ಲೆಗೆ ಈ ಅನುಭವ ಹೊಸದೂ ಅಲ್ಲ. ಜಿಲ್ಲೆಯ ಕಾಫಿ ತೋಟಗಳಲ್ಲೇ ಬೇರು ಬಿಟ್ಟ ಕಾಫಿ ಡೇ ಸಂಸ್ಥೆಯ ಕಚೇರಿಗಳಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆ ಶೋಧ ನಡೆಸಿದಾಗ ಊರೂರಿನ ಹೋಟೆಲು ಕಟ್ಟೆಗಳಲ್ಲಿ ಅದೇ ಮಾತು. ಶೋಧ ಎಂದರೇನು, ಅದರಲ್ಲಿ ಯಾರಿಗೆ ಯಾವ ಹಕ್ಕು, ಯಾವ ಹೊಣೆ ಎಂಬುದು ತಿಳಿದಿದ್ದವರು ಮಾತ್ರ ಕಡಿಮೆ.

ಮೊದಲು ಕಾಗದ ಓದಬೇಕು

ವಾರಂಟು ಎಂದರೆ ಬರವಣಿಗೆಯಲ್ಲಿರುವ ಅಪ್ಪಣೆ. ಅಪ್ಪಣೆಗೆ ಎಲ್ಲೆ ಇರುತ್ತದೆ. ಆ ಎಲ್ಲೆ ತಿಳಿಯಬೇಕಾದರೆ ಕಾಗದ ಓದಬೇಕು.

ಎಲ್ಲ ಶೋಧಗಳೂ ಒಂದೇ ಬಗೆಯವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 96ನೇ ಕಲಂ ಪ್ರಕಾರ ನ್ಯಾಯಾಲಯ ಶೋಧನಾ ವಾರಂಟು ಹೊರಡಿಸಬಹುದು. ಸಮನ್ಸು ಕಳಿಸಿದರೆ ದಾಖಲೆ ತಂದುಕೊಡುವುದಿಲ್ಲ ಎಂದು ನಂಬಲು ಕಾರಣವಿದ್ದರೆ, ಅಥವಾ ದಾಖಲೆ ಯಾರ ಬಳಿ ಇದೆಯೆಂದೇ ತಿಳಿಯದಿದ್ದರೆ ಈ ದಾರಿ. ಕಟ್ಟಡದ ಇಂಥ ಭಾಗವನ್ನು ಮಾತ್ರ ಶೋಧಿಸಬೇಕೆಂದು ನ್ಯಾಯಾಲಯ ಹೇಳಬಹುದು. ಹೇಳಿದ್ದರೆ ಶೋಧ ಅಷ್ಟಕ್ಕೇ ನಿಲ್ಲಬೇಕು. ವಾರಂಟು ತರುವಷ್ಟು ಸಮಯವಿಲ್ಲದಾಗ 185ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿ ತಾವೇ ಶೋಧ ಮಾಡಬಹುದು. ಆದರೆ ಅದಕ್ಕೆ ಕಾರಣವನ್ನೂ, ಹುಡುಕುವ ವಸ್ತು ಯಾವುದೆಂಬುದನ್ನೂ ಬರೆದಿಡಬೇಕು. ಆ ಬರಹದ ಪ್ರತಿ 48 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು.

ತೆರಿಗೆಯವರ ಶೋಧಕ್ಕೆ ನ್ಯಾಯಾಲಯದ ವಾರಂಟು ಬೇಕಿಲ್ಲ. ಇಲಾಖೆಯ ಮೇಲಧಿಕಾರಿಯ ಲಿಖಿತ ಅಧಿಕಾರಪತ್ರ ಬೇಕು. ಜಿ.ಎಸ್.ಟಿ. ಕಾಯ್ದೆಯ 67ನೇ ಕಲಂ ಪ್ರಕಾರ ಜಂಟಿ ಆಯುಕ್ತರಿಗಿಂತ ಕೆಳಗಿನವರು ಅದನ್ನು ಕೊಡುವಂತಿಲ್ಲ. ಆದಾಯ ತೆರಿಗೆಯಲ್ಲಿ ‘ಸರ್ವೆ’ ಎಂಬ ಇನ್ನೊಂದು ಕ್ರಮವಿದೆ. ವ್ಯವಹಾರದ ವೇಳೆಯಲ್ಲಿ ಅಂಗಡಿ, ಕಚೇರಿಗೆ ಬಂದು ಲೆಕ್ಕ ಪರಿಶೀಲಿಸುವುದು ಅದು. ಸರ್ವೆಯನ್ನು ಶೋಧವೆಂದು ತಿಳಿದು ಹೆದರುವವರೂ ಉಂಟು, ಶೋಧವನ್ನು ಸರ್ವೆಯೆಂದು ತಿಳಿದು ಹಗುರವಾಗಿ ಮಾತನಾಡಿ ಕೆಡುವವರೂ ಉಂಟು.

ಹೀಗಾಗಿ ಬಾಗಿಲ ಬಳಿ ಇರುವವರು ನೋಡಬೇಕಾದದ್ದು ಇಷ್ಟು: ಬಂದವರ ಗುರುತಿನ ಚೀಟಿ, ಕಾಗದ ಹೊರಡಿಸಿದವರ ಸಹಿ ಮತ್ತು ಮೊಹರು, ಯಾವ ಕಾಯ್ದೆ, ಯಾವ ವಿಳಾಸ, ಯಾರ ಹೆಸರು, ಏನನ್ನು ಹುಡುಕಲು ಅನುಮತಿ. ಇದನ್ನು ಕೇಳುವುದು ಉದ್ಧಟತನವಲ್ಲ. ‘ಸಾರ್, ದಯವಿಟ್ಟು ಕಾಗದ ತೋರಿಸಿ, ನಮ್ಮ ಮ್ಯಾನೇಜರಿಗೆ ಹೇಳುತ್ತೇನೆ, ಕುಳಿತುಕೊಳ್ಳಿ’ ಎಂದರೆ ಸಾಕು. ಕಾಗದ ಸರಿಯಿದ್ದ ಮೇಲೆ ದಾರಿ ಬಿಡಲೇಬೇಕು. ಬಾಗಿಲು ಹಾಕಿಕೊಂಡರೆ ಬಾಗಿಲು ಒಡೆದು ಒಳಗೆ ಹೋಗುವ ಅಧಿಕಾರವನ್ನೂ ಕಾನೂನು ಕೊಟ್ಟಿದೆ. ವಕೀಲರು ಬರುವವರೆಗೆ ಶೋಧ ನಿಲ್ಲಬೇಕೆಂಬ ನಿಯಮವೂ ಇಲ್ಲ. ವಕೀಲರಿಗೆ ಫೋನು ಮಾಡಲು ಅನುಮತಿ ಕೇಳಬಹುದು, ಕೇಳಬೇಕು.

ಅಟ್ಟದ ಮೇಲಿನ ಕೊಬ್ಬರಿ

ಉಂಡೆ ಕೊಬ್ಬರಿ ಮಾರುಕಟ್ಟೆಯ ದಿನ ಬೆಳಿಗ್ಗೆ ತಯಾರಾಗುವುದಿಲ್ಲ ಎಂಬುದು ಯಗಟಿಯ ಚಿಕ್ಕ ಮಕ್ಕಳಿಗೂ ಗೊತ್ತು. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕುಳಿತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಸದ್ದಾಗುವ ತನಕ ಕಾಯಬೇಕು. ಲೆಕ್ಕಪತ್ರವೂ ಹಾಗೆಯೇ. ಅಧಿಕಾರಿಗಳು ಮೆಟ್ಟಿಲು ಹತ್ತುವಾಗ ಮಾಡುವ ಸಿದ್ಧತೆ ಸಿದ್ಧತೆಯಲ್ಲ.

ಯಗಟಿಯಲ್ಲೊಂದು ಕೊಬ್ಬರಿ ವ್ಯಾಪಾರದ ಖಾಸಗಿ ಕಂಪನಿ ಇದೆ ಎಂದಿಟ್ಟುಕೊಳ್ಳಿ. ನಿರ್ದೇಶಕರು ಅಣ್ಣತಮ್ಮಂದಿರು. ಒಂದು ಗೋದಾಮು ನೋಂದಣಿ ಪತ್ರದಲ್ಲಿದೆ. ಸುಗ್ಗಿಯಲ್ಲಿ ಜಾಗ ಸಾಲದೆ ಬಾಡಿಗೆಗೆ ಹಿಡಿದ ಇನ್ನೊಂದು ಗೋದಾಮು ಅದರಲ್ಲಿಲ್ಲ. ಕೂಲಿಯವರ ಬಟವಾಡೆ ಒಂದು ನೋಟುಪುಸ್ತಕದಲ್ಲಿ, ರೈತರಿಗೆ ಕೊಟ್ಟ ಮುಂಗಡ ಇನ್ನೊಂದರಲ್ಲಿ. ಕಂಪನಿಯ ಹಣ ಮತ್ತು ಮನೆಯ ಹಣ ಒಂದೇ ಬೀರುವಿನಲ್ಲಿ. ಇವರಲ್ಲಿ ಮೋಸದ ಯೋಚನೆ ಎಳ್ಳಷ್ಟೂ ಇಲ್ಲದಿರಬಹುದು. ಆದರೆ ಶೋಧದ ದಿನ ಆ ಎರಡನೆಯ ಗೋದಾಮಿನ ಸರಕು ‘ಲೆಕ್ಕಕ್ಕೆ ಸಿಗದ ಸರಕು’ ಆಗಿ ಕಾಣುತ್ತದೆ; ಹೆಂಡತಿಯ ಒಡವೆ ಯಾವುದು, ಕಂಪನಿಯ ನಗದು ಯಾವುದು ಎಂದು ಬಿಡಿಸಿ ಹೇಳುವುದರಲ್ಲೇ ಹಗಲು ಮುಗಿಯುತ್ತದೆ.

ಸಿದ್ಧತೆ ಎಂದರೆ ಇಂಥ ಗಂಟುಗಳನ್ನು ಮೊದಲೇ ಬಿಡಿಸಿಡುವುದು. ಸರಕು ಇಡುವ ಪ್ರತಿ ಜಾಗವೂ ನೋಂದಣಿಯಲ್ಲಿ ಸೇರಿರಬೇಕು. 2013ರ ಕಂಪನಿ ಕಾಯ್ದೆ 8 ಹಣಕಾಸು ವರ್ಷಗಳ ಲೆಕ್ಕದ ಪುಸ್ತಕ ಇಟ್ಟಿರಬೇಕೆನ್ನುತ್ತದೆ, ಜಿ.ಎಸ್.ಟಿ. ಕಾನೂನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಎನ್ನುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬ ಗುರುತು ಉಳಿಯುವಂತಿರಬೇಕೆಂಬ ನಿಯಮವೂ ಬಂದಿದೆ. ಕಂಪ್ಯೂಟರಿನ ಲೆಕ್ಕಕ್ಕೆ ಇನ್ನೊಂದು ಪ್ರತಿ ಬೇರೆ ಜಾಗದಲ್ಲಿರಬೇಕು. ಯಂತ್ರ ಜಪ್ತಿಯಾದರೆ ಮರುದಿನ ಕೂಲಿ ಬಟವಾಡೆ ನಿಲ್ಲಬಾರದು. ವಕೀಲರೊಡನೆ ನಡೆದ ಪತ್ರವ್ಯವಹಾರಕ್ಕೆ ಕಾನೂನಿನ ರಕ್ಷಣೆ ಇರುವುದರಿಂದ ಅದನ್ನು ಬೇರೆ ಕಡತದಲ್ಲಿ, ಹೆಸರು ಬರೆದು ಇಡಬೇಕು.

ಎಲ್ಲಕ್ಕಿಂತ ಮುಖ್ಯ, ಆ ದಿನ ಮಾತನಾಡುವವರು ಯಾರು ಎಂಬುದು ಮೊದಲೇ ಗೊತ್ತಿರಬೇಕು. ಒಬ್ಬ ಹಿರಿಯರು, ಅವರಿಲ್ಲದಿದ್ದರೆ ಇನ್ನೊಬ್ಬರು, ಜೊತೆಗೆ ವಕೀಲರ ಮತ್ತು ಆಡಿಟರರ ಫೋನ್ ಸಂಖ್ಯೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲ ಬಳಿಯ ಮೇಜಿನ ಡ್ರಾಯರಿನಲ್ಲಿ ಇಟ್ಟರೆ, ಅಲ್ಲಿ ಕುಳಿತ ಇಪ್ಪತ್ತೆರಡರ ಹುಡುಗಿಗೆ ಕೈಕಾಲು ನಡುಗುವುದು ಅರ್ಧ ಕಡಿಮೆಯಾಗುತ್ತದೆ.

ಆ ಕೆಲವು ಗಂಟೆಗಳು

ಶೋಧ ಆರಂಭವಾಗುವ ಮುನ್ನ ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಾನ್ವಿತ ನಿವಾಸಿಗಳನ್ನು ಸಾಕ್ಷಿಗಳಾಗಿ ಕರೆಯಬೇಕು. ಇವರೇ ಪಂಚರು. ಯಗಟಿಯಲ್ಲಿ ಶೋಧ ನಡೆದರೆ ಪಂಚರಾಗಿ ಬರುವವರು ಪಕ್ಕದ ಅಂಗಡಿಯವರೋ, ಎದುರು ಮನೆಯ ರೈತರೋ ಆಗಿರುತ್ತಾರೆ. ಲಿಖಿತ ಆದೇಶ ಕೊಟ್ಟು ಕರೆದಾಗ ಸಕಾರಣವಿಲ್ಲದೆ ಒಲ್ಲೆನೆನ್ನುವುದು ಅಪರಾಧ. ಪಂಚರು ಬರೀ ಸಹಿ ಹಾಕುವವರಲ್ಲ, ಕಣ್ಣಿಟ್ಟು ನೋಡುವವರು. ಏನು, ಎಲ್ಲಿ, ಎಷ್ಟು ಸಿಕ್ಕಿತೆಂದು ನೋಡಿ, ಮಹಜರಿನಲ್ಲಿ ಅದೇ ಬರೆದಿದೆಯೇ ಎಂದು ಓದಿಸಿಕೊಂಡು ಸಹಿ ಮಾಡಬೇಕು. ಖಾಲಿ ಹಾಳೆಗೆ ಸಹಿ ಹಾಕುವುದು ಮಾಲೀಕರಿಗೂ ಅನ್ಯಾಯ, ಸರ್ಕಾರಕ್ಕೂ ಅನ್ಯಾಯ. ‘ಸಹಿ ಹಾಕಿದರೆ ಕೋರ್ಟಿಗೆ ಅಲೆಯಬೇಕು’ ಎಂಬ ಭಯ ಹಳ್ಳಿಗಳಲ್ಲಿ ಇದೆ. ನ್ಯಾಯಾಲಯ ಸಮನ್ಸು ಕೊಟ್ಟು ಕರೆದರೆ ಮಾತ್ರ ಹೋಗಬೇಕು. ಸಹಿ ಹಾಕಿದ ಮಾತ್ರಕ್ಕೆ ಅಲ್ಲ.

ಮಾಲೀಕರು ಅಥವಾ ಅವರ ಪರವಾಗಿ ಒಬ್ಬರು ಶೋಧದ ಉದ್ದಕ್ಕೂ ಜೊತೆಯಲ್ಲಿರಬಹುದು. ಮಹಿಳೆಯ ಮೈ ಶೋಧಿಸಬೇಕಾದರೆ ಮಹಿಳೆಯೇ, ಮರ್ಯಾದೆಗೆ ಕುಂದಾಗದಂತೆ ಮಾಡಬೇಕು. ಹೊಸ ಸಂಹಿತೆಯ 105ನೇ ಕಲಂ ಪೊಲೀಸ್ ಶೋಧವನ್ನು, ಪಟ್ಟಿ ಮಾಡಿ ಸಹಿ ಹಾಕಿಸುವುದೂ ಸೇರಿದಂತೆ, ಧ್ವನಿ ಮತ್ತು ದೃಶ್ಯ ಸಹಿತ ಚಿತ್ರೀಕರಿಸಬೇಕೆಂದು ಹೇಳುತ್ತದೆ. ಕೊನೆಯಲ್ಲಿ ಜಪ್ತಿಯಾದ ವಸ್ತುಗಳ ಪಟ್ಟಿಯ ಪ್ರತಿ ಮಾಲೀಕರಿಗೆ ಸಿಗಬೇಕು. ಜಿ.ಎಸ್.ಟಿ. ಶೋಧದಲ್ಲಿ ಜಪ್ತಿಯಾದ ದಾಖಲೆಗಳ ನಕಲನ್ನು ಅಧಿಕಾರಿಯ ಎದುರೇ ತೆಗೆದುಕೊಳ್ಳುವ ಹಕ್ಕೂ ಇದೆ.

ಕಂಪನಿಯವರು ತಮ್ಮದೇ ಒಂದು ಟಿಪ್ಪಣಿ ಬರೆದುಕೊಳ್ಳುವುದು ಒಳ್ಳೆಯದು: ಎಷ್ಟು ಗಂಟೆಗೆ ಬಂದರು, ಯಾವ ಕೋಣೆ ನೋಡಿದರು, ಯಾವ ಕಡತ ತೆಗೆದರು. ವಾರಂಟಿನ ಎಲ್ಲೆ ಮೀರಿದೆ ಎನ್ನಿಸಿದರೆ ತಡೆಯಲು ಹೋಗದೆ, ‘ಇದಕ್ಕೆ ನಮ್ಮ ಆಕ್ಷೇಪಣೆ ಇದೆ, ಮಹಜರಿನಲ್ಲಿ ಬರೆದುಕೊಳ್ಳಿ’ ಎನ್ನಬೇಕು. ನ್ಯಾಯಾಲಯದಲ್ಲಿ ನೆರವಿಗೆ ಬರುವುದು ಬರೆಸಿಟ್ಟ ಆ ಒಂದು ಸಾಲು. ಏರುದನಿಯ ಜಗಳ ಅಲ್ಲ. ಕೇಳಿದ ಪ್ರಶ್ನೆಗೆ ಗೊತ್ತಿದ್ದಷ್ಟು ಸತ್ಯ ಹೇಳಬೇಕು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ಕಡತ ನೋಡಿ ಹೇಳಬೇಕು’ ಎನ್ನಬೇಕು. ಊಹೆ ಮಾಡಿ ಹೇಳಿದ ಮಾತು ಕಾಗದದ ಮೇಲೆ ಬಂದಾಗ ಸುಳ್ಳಾಗಿ ನಿಲ್ಲುತ್ತದೆ.

ಅಳಿಸುವ ಕೈ

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಿಜವಾದ ಪರೀಕ್ಷೆ ಬರುವುದು ಬೇರೊಂದು ಕ್ಷಣದಲ್ಲಿ. ಅಧಿಕಾರಿಗಳು ಕೆಳಗಿನ ಮಹಡಿಯಲ್ಲಿರುವಾಗ ಮೇಲಿನವರು ಬಂದು, ‘ಆ ಫೈಲು ಅಳಿಸಿಬಿಡಪ್ಪ, ಆ ಪುಸ್ತಕ ನಿನ್ನ ಬ್ಯಾಗಿಗೆ ಹಾಕಿಕೊಂಡು ಹಿಂದಿನ ಬಾಗಿಲಿಂದ ಮನೆಗೆ ಹೋಗು’ ಎನ್ನಬಹುದು. ಅನ್ನ ಕೊಟ್ಟ ಧಣಿ. ಇಲ್ಲವೆನ್ನಲು ನಾಲಿಗೆ ಬಾರದು. ಆದರೆ ಸಾಕ್ಷ್ಯವಾಗಿ ಹಾಜರುಪಡಿಸಬೇಕಾಗಬಹುದಾದ ದಾಖಲೆಯನ್ನು, ಅದು ಕಾಗದವಾಗಿರಲಿ ಕಂಪ್ಯೂಟರಿನ ಕಡತವಾಗಿರಲಿ, ಸಿಗದಂತೆ ಮಾಡಲು ಬಚ್ಚಿಡುವುದು ಅಥವಾ ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಪ್ರಕಾರ ಅಪರಾಧ. ಶಿಕ್ಷೆ 3 ವರ್ಷದವರೆಗೆ ಸೆರೆವಾಸವಾಗಬಹುದು. ‘ಯಜಮಾನರು ಹೇಳಿದರು’ ಎಂಬ ಉತ್ತರ ಅಲ್ಲಿ ರಕ್ಷಣೆಯಾಗುವುದಿಲ್ಲ. ಅಳಿಸಿದ ಕೈ ಯಾರದೋ ಕೇಸು ಅವರ ಮೇಲೆ.

ಇದು ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದ ಎನ್ರಾನ್ ಕಂಪನಿಯ ಲೆಕ್ಕ ಪರಿಶೋಧಿಸುತ್ತಿದ್ದ ಆರ್ಥರ್ ಆ್ಯಂಡರ್ಸನ್ 1913ರಲ್ಲಿ ಹುಟ್ಟಿದ ಸಂಸ್ಥೆ. ಎನ್ರಾನಿನ ಲೆಕ್ಕದ ಬಗ್ಗೆ ಸರ್ಕಾರದ ವಿಚಾರಣೆ ಬಾಗಿಲಿಗೆ ಬರುತ್ತಿದ್ದ 2001ರ ಅಕ್ಟೋಬರ್‌ನಲ್ಲಿ ಆ ಸಂಸ್ಥೆಯ ಹ್ಯೂಸ್ಟನ್ ಕಚೇರಿಯಲ್ಲಿ ಕಾಗದ ಚೂರು ಮಾಡುವ ಯಂತ್ರಗಳು ಎಡೆಬಿಡದೆ ಓಡಿದವು. 2002ರ ಜೂನ್‌ನಲ್ಲಿ ಸಂಸ್ಥೆ ತಪ್ಪಿತಸ್ಥವೆಂದು ತೀರ್ಮಾನವಾಯಿತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ತೀರ್ಮಾನವನ್ನು ರದ್ದು ಮಾಡಿತು, ನಿಜ. ಆದರೆ ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 85 ಸಾವಿರ ಮಂದಿ ದುಡಿಯುತ್ತಿದ್ದ ಸಂಸ್ಥೆ ಚದುರಿಹೋಗಿತ್ತು. ಕಾಗದ ಚೂರು ಮಾಡಿದ ಸುದ್ದಿಯೇ ಗಿರಾಕಿಗಳನ್ನು ಓಡಿಸಿತು.

ಇದಕ್ಕೆ ಎದುರಾದ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಬಿಯರ್ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ನಿಗದಿ ಮಾಡುತ್ತಿವೆ ಎಂಬ ಸುಳಿವಿನ ಮೇಲೆ 2018ರ ಅಕ್ಟೋಬರ್ 10ರಂದು ಭಾರತೀಯ ಸ್ಪರ್ಧಾ ಆಯೋಗದ ತನಿಖಾ ವಿಭಾಗ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸೇರಿದಂತೆ ಮೂರು ಕಂಪನಿಗಳಲ್ಲಿ ಶೋಧ ನಡೆಸಿತು. 2021ರ ಸೆಪ್ಟೆಂಬರ್ 24ರ ಆದೇಶದಲ್ಲಿ ಆಯೋಗ ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ ರೂಪಾಯಿ ದಂಡ ಹಾಕಿತು. ಶೋಧದ ನಂತರ ಮುಂದೆ ಬಂದು ಮಾಹಿತಿ ಕೊಟ್ಟು ಸಹಕರಿಸಿದ್ದಕ್ಕೆ ಶೇಕಡಾ 40ರಷ್ಟು ಕಡಿತ ಮಾಡಿದ ಮೇಲೆ ಉಳಿದ ಮೊತ್ತ ಇದು. ಗಣಿತದ ವಿದ್ಯಾರ್ಥಿ ಲೆಕ್ಕ ಹಾಕಿದರೆ, ಆ ಸಹಕಾರದ ಬೆಲೆ ಸುಮಾರು 500 ಕೋಟಿ ರೂಪಾಯಿ ಎಂದು ತಿಳಿಯುತ್ತದೆ. ಕಾರ್ಲ್ಸ್‌ಬರ್ಗ್ ಇಂಡಿಯಾಕ್ಕೆ ಸಿಕ್ಕ ಕಡಿತ ಶೇಕಡಾ 20. ಶೋಧಕ್ಕೂ ಮೊದಲೇ, 2017ರಲ್ಲಿ, ತಾನಾಗಿ ಬಂದು ಹೇಳಿಕೊಂಡಿದ್ದ ಮೂರನೆಯ ಕಂಪನಿ ಎ.ಬಿ. ಇನ್‌ಬೆವ್‌ಗೆ ದಂಡ ಪೂರ್ಣ ಮಾಫಿ. ಆದೇಶದ ವಿರುದ್ಧ ಮೇಲ್ಮನವಿಗಳಾದವು, ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಅದೇನೇ ಇರಲಿ, ತಪ್ಪು ನಡೆದಿದ್ದರೂ ಶೋಧದ ಮೊದಲು ಮತ್ತು ನಂತರ ಸಂಸ್ಥೆ ಹೇಗೆ ನಡೆದುಕೊಂಡಿತು ಎಂಬುದನ್ನು ಕಾನೂನು ತೂಗಿ ನೋಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕಂಪ್ಯೂಟರು ಮತ್ತು ಮೊಬೈಲು

ಹಿಂದೆ ಜಪ್ತಿಯೆಂದರೆ ಕಡತದ ಕಟ್ಟು. ಈಗ ಅಂಗೈಯಗಲದ ಫೋನಿನಲ್ಲಿ ಕಂಪನಿಯ ಲೆಕ್ಕವೂ ಇದೆ, ಅಮ್ಮನ ಆಸ್ಪತ್ರೆಯ ವರದಿಯೂ ಇದೆ. ಇಲ್ಲಿ ಎಲ್ಲೆ ಎಲ್ಲಿ ಎಂಬ ಪ್ರಶ್ನೆಗೆ ದಾರಿ ತೋರಿಸಿದ ತೀರ್ಪೊಂದು ಕರ್ನಾಟಕ ಹೈಕೋರ್ಟಿನದು. 2021ರ ಮಾರ್ಚ್ 12ರಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ನೀಡಿದ ಆ ತೀರ್ಪಿನಲ್ಲಿ, ತುರ್ತು ಸಂದರ್ಭ ಬಿಟ್ಟರೆ ಫೋನು, ಕಂಪ್ಯೂಟರುಗಳ ಶೋಧಕ್ಕೆ ವಾರಂಟು ಬೇಕು ಎಂದಿತು. ಶೋಧದ ತಂಡದಲ್ಲಿ ಅರ್ಹ ವಿಧಿವಿಜ್ಞಾನ ತಜ್ಞರು ಇರಬೇಕು. ತನಿಖಾಧಿಕಾರಿ ತಾವೇ ಕಂಪ್ಯೂಟರನ್ನು ತಡಕಾಡಬಾರದು. ತಂತಿಗಳ ಜೋಡಣೆ ಕಾಣುವಂತೆ ಚಿತ್ರ ತೆಗೆಯಬೇಕು. ಆರಿರುವ ಯಂತ್ರವನ್ನು ಹಚ್ಚಬಾರದು. ಹೊರಗಿನ ಸಂಪರ್ಕಕ್ಕೆ ಸಿಗದಂಥ ವಿಶೇಷ ಚೀಲದಲ್ಲಿ ಫೋನನ್ನು ಇಡಬೇಕು ಎಂದು ಮಾರ್ಗಸೂಚಿ ಕೊಟ್ಟಿತು. ಅದೇ ತೀರ್ಪು, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗುವುದಿಲ್ಲ ಎಂದೂ ಹೇಳಿತು. ಹಕ್ಕು ಮತ್ತು ಹೊಣೆ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟ ತೀರ್ಪು ಅದು.

ಇದರ ಹಿಂದೆ ದೊಡ್ಡ ಕಥೆಯೊಂದಿದೆ. ದಾಲ್ಮಿಯಾ ಜೈನ್ ಏರ್‌ವೇಸ್ ಎಂಬ ಕಂಪನಿಯ ವ್ಯವಹಾರದ ತನಿಖೆಗಾಗಿ ಹಲವು ಕಡೆ ನಡೆದ ಶೋಧ ಪ್ರಶ್ನೆಗೊಳಗಾದಾಗ, 1954ರಲ್ಲಿ ಸುಪ್ರೀಂ ಕೋರ್ಟಿನ 8 ನ್ಯಾಯಮೂರ್ತಿಗಳ ಪೀಠ ಶೋಧವನ್ನು ಎತ್ತಿಹಿಡಿಯಿತು. ಸಂವಿಧಾನದಲ್ಲಿ ಖಾಸಗಿತನದ ಹಕ್ಕು ಇಲ್ಲವೆಂಬ ಮಾತನ್ನೂ ಆಡಿತು. ಆ ಮಾತು ಅಳಿಯಲು 63 ವರ್ಷ ಬೇಕಾಯಿತು. ಅಳಿಸಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣ. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಶೋಧ ಮಾಡುವ ಅಧಿಕಾರ ಅಲ್ಲಿಗೆ ಮುಗಿಯಲಿಲ್ಲ. ಆದರೆ ಅದು ಕಾನೂನಿನ ಆಧಾರದ ಮೇಲೆ, ಸರಿಯಾದ ಉದ್ದೇಶಕ್ಕೆ, ಅಗತ್ಯವಿದ್ದಷ್ಟೇ ಇರಬೇಕೆಂಬ ಅಳತೆಗೋಲು ಸಿಕ್ಕಿತು.

ಮಗುವಿನ ಶಾಲೆಯ ಚೀಲ

ಸಣ್ಣ ಕಂಪನಿಗಳಲ್ಲಿ ಕಚೇರಿಗೂ ಮನೆಗೂ ನಡುವೆ ಗೋಡೆ ಒಂದೇ. ಆದಾಯ ತೆರಿಗೆ ಶೋಧ ಮನೆಗೂ ಬರಬಹುದು. ಶೋಧಕ್ಕೊಳಗಾದವರ ಹಕ್ಕು ಮತ್ತು ಕರ್ತವ್ಯಗಳ ಒಂದು ಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಯೇ ಹೊರಡಿಸಿದೆ. ಅದರಲ್ಲಿ ತಂದೆತಾಯಿಗಳು ನೆನಪಿಡಬೇಕಾದ ಒಂದು ಸಾಲಿದೆ: ಚೀಲ ಪರಿಶೀಲಿಸಿದ ಮೇಲೆ ಮಕ್ಕಳನ್ನು ಶಾಲೆಗೆ ಹೋಗಲು ಬಿಡಬೇಕು. ಎಂದಿನ ಹೊತ್ತಿಗೆ ಊಟ, ತುರ್ತಿದ್ದರೆ ವೈದ್ಯರನ್ನು ಕರೆಸುವುದು, ಶೋಧದ ಮೊದಲೂ ನಂತರವೂ ಅಧಿಕಾರಿಗಳ ಮೈಯನ್ನೇ ತಪಾಸಣೆ ಮಾಡುವುದು, ಇವೂ ಆ ಪಟ್ಟಿಯಲ್ಲಿವೆ. ಇದು ತಿಳಿಯದೆ, ಪರೀಕ್ಷೆಯ ದಿನ ಮಗಳನ್ನು ಮೂಲೆಯಲ್ಲಿ ಅಳುತ್ತ ಕೂರಿಸಿಕೊಳ್ಳುವ ತಾಯಿ ಯಾರನ್ನೂ ದೂರುವಂತಿಲ್ಲ. ವಿನಯದಿಂದ ಕೇಳಿದ್ದರೆ ಮಗಳು ಪರೀಕ್ಷೆ ಬರೆಯುತ್ತಿದ್ದಳು.

ಅಧಿಕಾರಿಗಳು ಹೋದ ಮೇಲೂ ಕೆಲಸ ಉಳಿದಿರುತ್ತದೆ. ಮಹಜರಿನ ಪ್ರತಿಯನ್ನು ಅಂದೇ ಓದಿ, ಜಪ್ತಿಯಾದದ್ದು ಏನು, ಉಳಿದದ್ದು ಏನೆಂದು ತಾಳೆ ನೋಡಬೇಕು. ಮುಂದೆ ಬರುವ ನೋಟಿಸಿಗೆ ಕೊಟ್ಟ ಗಡುವಿನೊಳಗೆ ಉತ್ತರ ಹೋಗಬೇಕು. ಜಿ.ಎಸ್.ಟಿ. ಕಾನೂನಿನಲ್ಲಿ ಜಪ್ತಿಯಾದ ಸರಕಿನ ಬಗ್ಗೆ ಆರು ತಿಂಗಳೊಳಗೆ ನೋಟಿಸು ಬರದಿದ್ದರೆ, ಅವಧಿ ವಿಸ್ತರಣೆಯಾಗದ ಹೊರತು, ಸರಕು ಹಿಂತಿರುಗಬೇಕೆಂದಿದೆ. ಕೆಲಸಗಾರರನ್ನು ಕೂರಿಸಿ ನಡೆದದ್ದನ್ನು ನಡೆದಂತೆ ಹೇಳಬೇಕು. ಹೇಳದಿದ್ದರೆ ಬಾಯಿಂದ ಬಾಯಿಗೆ ಬೆಳೆಯುವ ಕಥೆ ವ್ಯವಹಾರವನ್ನು ಶೋಧಕ್ಕಿಂತ ಹೆಚ್ಚು ಹಾಳು ಮಾಡೀತು.

ಇಷ್ಟೆಲ್ಲ ಕಾನೂನು ಮಕ್ಕಳಿಗೆ ಯಾಕೆ ಎಂದು ಕೇಳುವ ಹಿರಿಯರಿದ್ದಾರೆ. ಮಕ್ಕಳಿಗೆ ಮನೆಯಲ್ಲಿ ಕಲಿಸಬೇಕಾದದ್ದು ಕಲಮುಗಳ ಸಂಖ್ಯೆಯನ್ನಲ್ಲ, ಮೂರು ಅಭ್ಯಾಸಗಳನ್ನು: ಬರೆದ ಲೆಕ್ಕವನ್ನು ಅಳಿಸದೆ, ತಪ್ಪಾಗಿದ್ದರೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುವುದು, ಓದದೆ ಯಾವ ಕಾಗದಕ್ಕೂ ಸಹಿ ಹಾಕದಿರುವುದು, ಹಿರಿಯರು ಹೇಳಿದರೂ ಮಾಡಬಾರದ್ದನ್ನು ‘ಇದು ನನ್ನಿಂದ ಆಗದು, ಕ್ಷಮಿಸಿ’ ಎಂದು ತಗ್ಗಿದ ದನಿಯಲ್ಲೇ ಹೇಳುವುದು. ಇವು ಮೂರೂ ಇದ್ದ ಹುಡುಗನನ್ನು ಯಾವ ಊರಿನ ಯಾವ ಕಂಪನಿಯ ಬಾಗಿಲಲ್ಲಿ ಕೂರಿಸಿದರೂ, ಬಂದ ಕಾಗದವನ್ನು ಕೈ ನಡುಗದೆ ಓದಿಯಾನು.